ಹೇಳಿಕೆ ಕೊಟ್ಟ ನಾಟಕ

ನಾನು ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಹೊನ್ನಾವರದ ನಮ್ಮ ಕಾಲೇಜಿನಲ್ಲಿ ಹೊಸದೊಂದು ಐಚ್ಛಿಕ ವಿಷಯ ಶುರುವಾಯಿತು. ಅದರ ಹೆಸರು ಕಲೆ ಮತ್ತು ಪ್ರಚಾರ ವ್ಯವಸ್ಥಾಪನೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾಟಕ ಆಡುವವರು, ನೋಡುವವರು ನಮ್ಮ ಕಡೆ ಬೇಕಾದಷ್ಟು ಇದ್ದರು. ಆಡಿಸುವುದನ್ನು ಕಾಲೇಜಿನಲ್ಲಿ ಕೂತು ಕಲಿಯಬಹುದು ಎಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಅಪ್ಪ ಭಟ್ಕಳ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಮುಟ್ಟಳ್ಳಿಯ ನಮ್ಮ ಮನೆ ನಡೆಯುತ್ತಿದ್ದುದೂ ಬಸ್ಸಿನ ವೇಳಾಪಟ್ಟಿಯ ಹಾಗೆಯೇ. ಸ್ನಾನ, ಗಂಜಿ, ಓದು, ದೀಪ ಆರಿಸುವುದು, ಎಲ್ಲಕ್ಕೂ ಹೊತ್ತು ಗೊತ್ತುಮಾಡಿತ್ತು. ಯಾರಾದರೂ ಊಟಕ್ಕೆ ತಡವಾಗಿ ಬಂದರೆ ಅಪ್ಪ ಸಿಟ್ಟು ಮಾಡುತ್ತಿರಲಿಲ್ಲ. ತಡವಾದ ಡ್ರೈವರನನ್ನು ಕೇಳುವ ದನಿಯಲ್ಲೇ ಕಾರಣ ಕೇಳುತ್ತಿದ್ದರು. ಹೊಸ ವಿಷಯ ತೆಗೆದುಕೊಂಡೆ ಎಂದಾಗಲೂ ಅದೇ ದನಿ.

"ಎಂತ ಕಲಿಸ್ತಾರೆ ಅದರಲ್ಲಿ?"

"ನಾಟಕ ಮಾಡಿಸುವುದು ಹೇಗೆ ಅಂತ."

"ನೀನು ಆಡೂದಾ?"

"ಅಲ್ಲ. ಆಡುವವರು, ನೋಡುವವರು ಎಲ್ಲ ಹೊತ್ತಿಗೆ ಸರಿಯಾಗಿ ಬರುವ ಹಾಗೆ ನೋಡಿಕೊಳ್ಳುವುದು."

ಅಪ್ಪ ಸ್ವಲ್ಪ ಯೋಚಿಸಿದರು. "ಹಂಗಾರೆ ಅದು ನನ್ನ ಕೆಲಸವೇ. ಕಲಿ" ಎಂದರು.

ತರಗತಿಯಲ್ಲಿ ಏಳು ಮಂದಿ ಇದ್ದೆವು. ಕಲಿಸುವ ಸರ್ ಕುಮಟೆಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಮುಂಬಯಿಗೆ ಹೋಗಿ, ಅಲ್ಲಿಯ ನಾಟಕ ಮಂಡಳಿಗಳಲ್ಲಿ ವ್ಯವಸ್ಥಾಪಕರಾಗಿ ದುಡಿದವರು. ತಾಯಿಗೆ ಹುಷಾರಿಲ್ಲವೆಂದು ಊರಿಗೆ ಬಂದಿದ್ದರು. ತಾಯಿ ಚೇತರಿಸಿಕೊಂಡರೂ ಅವರು ಮರಳಿ ಹೋಗಲಿಲ್ಲ. ಬೆಳಿಗ್ಗೆ ಎದ್ದರೆ ಕಡಲಿನ ಗಾಳಿ, ಮಧ್ಯಾಹ್ನ ಕುಚಲಕ್ಕಿ ಅನ್ನ, ಇದನ್ನು ಬಿಟ್ಟು ಮತ್ತೆ ಆ ಲೋಕಲ್ ಗಾಡಿಯಲ್ಲಿ ಯಾರು ಜೋತುಬೀಳುತ್ತಾರೆ ಎನ್ನುತ್ತಿದ್ದರು. ಆದರೆ ಕಾಲೇಜಿನಲ್ಲಿ ಅವರ ಕೆಲಸ ತಾತ್ಕಾಲಿಕ. ವಿಷಯ ಇದ್ದರೆ ಅವರು ಇರುತ್ತಾರೆ, ವಿಷಯ ಹೋದರೆ ಅವರೂ ಹೋಗಬೇಕು. ಇದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಮೊದಲ ಪಾಠದಲ್ಲಿ ಅವರು ಬೋರ್ಡಿನ ಮೇಲೆ "ಪ್ರೇಕ್ಷಕ ಎಂದರೆ ಯಾರು?" ಎಂದು ಬರೆದರು. ನಾವು ರಸಿಕ, ಸಹೃದಯ ಎಂದೆಲ್ಲ ಹೇಳಿದೆವು. ಸರ್ ಎಲ್ಲವನ್ನೂ ಕೇಳಿಸಿಕೊಂಡು, "ಟಿಕೆಟ್ ತೆಗೆದುಕೊಂಡು ಕೂತವನು" ಎಂದು ಬರೆದು ಕೆಳಗೆ ಗೆರೆ ಎಳೆದರು. ಅದು ಪರೀಕ್ಷೆಗೆ ಬರುತ್ತದೆ ಎಂದೂ ಹೇಳಿದರು.

ಪ್ರಿನ್ಸಿಪಾಲರು ಗಣಿತದವರು. ಹೊನ್ನಾವರದ ಬದಿಯಲ್ಲೇ ಹುಟ್ಟಿ ಬೆಳೆದವರು, ನಿಷ್ಠುರ ಮನುಷ್ಯ. ಈ ವಿಷಯಕ್ಕೆ ಅವರು ಒಪ್ಪಿಗೆ ಕೊಟ್ಟದ್ದು ಒಂದೇ ವರ್ಷದ ಮಟ್ಟಿಗೆ, ಅದೂ ಒಂದು ಷರತ್ತಿನ ಮೇಲೆ. ವರ್ಷದ ಕೊನೆಗೆ ಈ ಏಳು ಮಂದಿ ಕಾಲೇಜಿನ ಹೊರಗೆ ಒಂದು ನಾಟಕ ಆಡಿಸಿ ತೋರಿಸಬೇಕು. ಹಾಲ್ ತುಂಬಬೇಕು. ತುಂಬಿದವರು ಟಿಕೆಟ್ ತೆಗೆದುಕೊಂಡವರಾಗಿರಬೇಕು. ಕಾಲೇಜಿನ ಮಕ್ಕಳನ್ನು ತಂದು ಕೂರಿಸಿದರೆ ಲೆಕ್ಕಕ್ಕಿಲ್ಲ. ಹಾಗಾಗದಿದ್ದರೆ ಮುಂದಿನ ವರ್ಷ ಈ ವಿಷಯ ಇಲ್ಲ.

"ಗಣಿತದವರು ಸರಿಯಾಗಿಯೇ ಹೇಳಿದ್ದಾರೆ" ಎಂದರು ಸರ್. "ನಾನು ಬೋರ್ಡಿನ ಮೇಲೆ ಬರೆದದ್ದನ್ನೇ ಅವರು ಷರತ್ತು ಮಾಡಿದ್ದಾರೆ."

ನಾಟಕವನ್ನು ಸರ್ ಅವರೇ ಬರೆದರು. ಇಬ್ಬರು ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುತ್ತಾರೆ, ಬಾವಿಯನ್ನು ಪಾಲು ಮಾಡಲಾಗದೆ ಒದ್ದಾಡುತ್ತಾರೆ. ಆಡುವವರು ಕುಮಟೆಯ ಹವ್ಯಾಸಿ ತಂಡದವರು. ಜಾಗ ಶಿರಾಲಿಯ ಒಂದು ಹೈಸ್ಕೂಲಿನ ಹಾಲ್. ಭಾನುವಾರ ಅದು ಖಾಲಿ ಇರುತ್ತಿತ್ತು. ದಿನ ಫೆಬ್ರವರಿಯ ಒಂದು ಭಾನುವಾರ, ಹೊತ್ತು ಮಧ್ಯಾಹ್ನ ನಾಲ್ಕು ಗಂಟೆ. ನಾಲ್ಕು ಗಂಟೆ ಎಂದು ಹಟ ಹಿಡಿದವಳು ನಾನು. ರಾತ್ರಿ ಆಟ ಇಟ್ಟರೆ ಜನರಿಗೆ ವಾಪಸು ಬಸ್ಸಿಲ್ಲ. ಬಸ್ಸು ನಿಲ್ಲಿಸಿಕೊಡಿ ಎಂದು ಅಪ್ಪನನ್ನು ಕೇಳುವುದೂ ಒಂದೇ, ಕಡಲನ್ನು ಸ್ವಲ್ಪ ಹಿಂದೆ ಸರಿ ಎಂದು ಕೇಳುವುದೂ ಒಂದೇ.

"ಹಗಲು ನಾಟಕವಾ? ಮುಖಕ್ಕೆ ಹಚ್ಚಿದ ಬಣ್ಣ ಬೆವರಿಗೆ ಹೋತು" ಎಂದರು ಅಪ್ಪ. ಆದರೆ ವೇಳೆ ಸರಿಯಾಗಿದೆ ಎಂದು ಒಪ್ಪಿದರು.

ಕೆಲಸ ಹಂಚಿಕೊಂಡೆವು. ಕುಮಟೆಯ ಜವಳಿ ಅಂಗಡಿಯವರ ಮಗ ನನ್ನ ಸಹಪಾಠಿ. ಅವನಿಗೆ ಕರಪತ್ರ, ಟಿಕೆಟ್, ಬಾಗಿಲು. ಭಟ್ಕಳ ಕಡೆಯವಳು ನಾನೊಬ್ಬಳೇ ಆದ್ದರಿಂದ ಜನರನ್ನು ತರುವ ಕೆಲಸ ನನಗೆ ಬಂತು.

ಮೊದಲು ಸರ್ ಹೇಳಿಕೊಟ್ಟ ಹಾಗೆಯೇ ಮಾಡಿದೆವು. ಬಾಡಿಗೆ ಅಂಬಾಸಿಡರ್ ಕಾರಿನ ನೆತ್ತಿಗೆ ಧ್ವನಿವರ್ಧಕ ಕಟ್ಟಿ, ಕುಮಟೆಯ ಹುಡುಗ ಕೂಗುತ್ತಾ, ನಾನು ಹೊತ್ತು ನೋಡುತ್ತಾ, ಶಿರಾಲಿ, ಜಾಲಿ, ಮುಟ್ಟಳ್ಳಿ, ಕಡಲ ಬದಿಯ ಕೇರಿಗಳು ಎಲ್ಲ ಸುತ್ತಿದೆವು. ಅವನು ಕನ್ನಡದಲ್ಲಿ ಒಮ್ಮೆ, ಕೊಂಕಣಿಯಲ್ಲಿ ಒಮ್ಮೆ ಕೂಗಿದ. ಕಿಟಕಿಯಿಂದ ಗುಲಾಬಿ ಬಣ್ಣದ ಕರಪತ್ರ ಹಾರಿಸಿದ. ಮಕ್ಕಳು ಕಾರಿನ ಹಿಂದೆ ಓಡಿ ಕರಪತ್ರ ಹೆಕ್ಕಿಕೊಂಡರು. ದೊಡ್ಡವರು ಅಂಗಳದಲ್ಲಿ ನಿಂತು ನೋಡಿದರು. ಮರುದಿನ ಅದೇ ಗುಲಾಬಿ ಕಾಗದದಲ್ಲಿ ಅಂಗಡಿಯವ ನನಗೆ ಸಾಸಿವೆ ಕಟ್ಟಿಕೊಟ್ಟ. ಮುಂಗಡ ಟಿಕೆಟ್ ಒಂದೂ ಹೋಗಲಿಲ್ಲ.

ಕಾರಣ ಗೊತ್ತಾದದ್ದು ಬಸ್ ಸ್ಟ್ಯಾಂಡಿನಲ್ಲಿ. ಶಿರಾಲಿ ಆಚೆಯ ಕಡಲ ಕೇರಿಯಿಂದ ಒಬ್ಬ ಅಜ್ಜಿ ದಿನಾ ಮೀನು ಬುಟ್ಟಿ ತಂದು ಭಟ್ಕಳದಲ್ಲಿ ಮಾರುತ್ತಿದ್ದಳು. ಗಂಡ, ಮಗ, ಮೊಮ್ಮಕ್ಕಳು ಎಲ್ಲ ದೋಣಿಯವರು. ಕೇರಿಯಲ್ಲಿ ಅವಳ ಮಾತು ನಡೆಯುತ್ತಿತ್ತು. ಬಸ್ಸಿನಲ್ಲಿ ನಡೆಯುತ್ತಿರಲಿಲ್ಲ. ಬುಟ್ಟಿ ಒಳಗೋ ಮೇಲೋ ಎಂದು ಅವಳಿಗೂ ಅಪ್ಪನಿಗೂ ವರ್ಷಗಳಿಂದ ವಾದ.

"ಏ ಕಂಟ್ರೋಲರಾ, ಖಾಲಿ ಬುಟ್ಟಿ ಇದು. ಖಾಲಿ ಬುಟ್ಟಿಗೂ ವಾಸನೆಯಾ?"

"ಬುಟ್ಟಿಗೆ ಅಲ್ಲ ಅಜ್ಜಿ, ರೂಲಿಗೆ."

"ರೂಲಿಗೆ ವಾಸನೆ ಬಂದ್ರೆ ರೂಲನ್ನೇ ಮೇಲೆ ಹಾಕು."

ಬುಟ್ಟಿ ಮೇಲೆ ಹೋಯಿತು. ನಾನು ಅವಳ ಪಕ್ಕ ಕೂತು, ನಾಟಕಕ್ಕೆ ಕೇರಿಯವರು ಬರುವುದಿಲ್ಲವೇ ಎಂದು ಕೇಳಿದೆ.

"ಯಾವ ನಾಟಕ?"

"ಕಾರು ಬಂದಿತ್ತಲ್ಲ ಅಜ್ಜಿ, ಕರಪತ್ರ ಹಾಕಿತ್ತಲ್ಲ."

"ಬಂತು. ಕೂಗ್ತು. ಕಾಗ್ದ ಹಾರಿಸ್ತು, ಹೋತು. ಕಾರ್ ಹೇಳಿದ್ರೆ ಆತಾ? ಮನ್ಷರು ಯಾರೂ ಬಂದು ಹೇಳ್ಲಿಲ್ಲಲ. ಹೇಳ್ಕೆ ಇಲ್ದೇ ಹೋಗೂಕೆ ನಾವೆಂತ ನಾಯಿಯಾ?"

ಹೇಳಿಕೆ ಎಂದರೆ ನಮ್ಮ ಕಡೆ ಮನೆಮನೆಗೆ ಹೋಗಿ ಬಾಯಲ್ಲಿ ಕರೆಯುವುದು. ಮದುವೆಗಾಗಲಿ ಮನೆ ಒಕ್ಕಲಿಗಾಗಲಿ ಕಾಗದ ಅಚ್ಚು ಹಾಕಿಸಿದರೂ ಅದು ಲೆಕ್ಕವಲ್ಲ. ಯಾರಾದರೂ ಬಂದು, ಕೂತು, ಹಿರಿಯರ ಮುಖ ನೋಡಿ ಹೇಳಬೇಕು. ಇದು ನನಗೆ ಗೊತ್ತಿಲ್ಲದ್ದಲ್ಲ. ನಾಟಕಕ್ಕೂ ಅನ್ವಯಿಸುತ್ತದೆ ಎಂದು ಪಾಠದಲ್ಲಿ ಇರಲಿಲ್ಲ, ಅಷ್ಟೇ.

ಸರ್ ಅವರಿಗೆ ಹೇಳಿದಾಗ ಅವರ ಮುಖ ಅರಳಿತು. "ಮನೆಮನೆ ಪ್ರಚಾರ! ಮುಂಬಯಿಯಲ್ಲಿ ಇದಕ್ಕೆ ಸಂಬಳದ ಜನ ಇಡುತ್ತಾರೆ. ಹೋಗು, ಒಂದು ಮನೆಯನ್ನೂ ಬಿಡಬೇಡ" ಎಂದರು. ಕುಮಟೆಯ ಹುಡುಗ ಟಿಕೆಟ್ ಪುಸ್ತಕಗಳನ್ನು ನನ್ನ ಚೀಲಕ್ಕೆ ಹಾಕಿದ.

ಹೇಳಿಕೆಗೆ ಒಬ್ಬರೇ ಹೋಗುವ ಕ್ರಮವಿಲ್ಲ. ಅಮ್ಮನನ್ನು ಕರೆದೆ. ಅಮ್ಮ ಮದುವೆಗೆ ಉಡುವ ಸೀರೆ ಉಟ್ಟು, ಕುಂಕುಮದ ಭರಣಿ ಹಿಡಿದು, ನನಗಿಂತ ಮೊದಲೇ ಜಗಲಿಯಲ್ಲಿ ತಯಾರಾಗಿ ನಿಂತಿದ್ದಳು. ನಾನು ಕೇರಿಗಳನ್ನು ದಾರಿಯ ಕ್ರಮದಲ್ಲಿ ಜೋಡಿಸಿಕೊಂಡಿದ್ದೆ: ಮೊದಲು ಮುಟ್ಟಳ್ಳಿಯ ಗದ್ದೆ ಬದಿಯ ಮನೆಗಳು, ಆಮೇಲೆ ಜಾಲಿ, ಆಮೇಲೆ ಶಿರಾಲಿ ಪೇಟೆ, ಕೊನೆಗೆ ಕಡಲ ಕೇರಿ.

ಮೊದಲ ಮನೆಯಲ್ಲಿ ಚಾಪೆ ಹಾಸಿದರು. ಬೆಲ್ಲ, ನೀರು ತಂದಿಟ್ಟರು. ಅಮ್ಮ ಮನೆಯ ಹಿರಿಯಾಕೆಗೆ ಕುಂಕುಮ ಕೊಟ್ಟು ಹೇಳಿದಳು: "ಭಾನುವಾರ ಶಿರಾಲಿ ಹೈಸ್ಕೂಲಲ್ಲಿ ನಮ್ಮ ಮಗಳ ಕಾಲೇಜಿನವ್ರ ನಾಟಕ ಅದೆ. ನೀವೆಲ್ಲ ಬರ್ಬೇಕು. ಮನೆಗೆ ಬೀಗ ಹಾಕಿ ಬರ್ಬೇಕು."

ಇದರಲ್ಲಿ ಒಂದು ಲೆಕ್ಕವಿದೆ. ಮನೆಯಿಂದ ಒಬ್ಬರು ಬಂದರೆ ಸಾಕಾದಲ್ಲಿ ಹೇಳಿಕೆಯ ಮಾತೇ ಬೇರೆ. ಬೀಗ ಹಾಕಿ ಬನ್ನಿ ಎಂದರೆ ತೊಟ್ಟಿಲ ಕೂಸಿನಿಂದ ಹಿಡಿದು ಎಲ್ಲರೂ ಎಂದರ್ಥ. ಸ್ವಂತ ಮನೆಯ ಮದುವೆಗೆ, ಹತ್ತಿರದವರಿಗೆ ಮಾತ್ರ ಹಾಗೆ ಹೇಳುವುದು. ಅಮ್ಮ ಕಾಲೇಜಿನ ಮರ್ಯಾದೆ ಕಡಿಮೆಯಾಗಬಾರದೆಂದು ದೊಡ್ಡ ಹೇಳಿಕೆಯನ್ನೇ ಕೊಟ್ಟಳು. ನನಗೂ ಅದು ಸರಿಯಾಗಿಯೇ ಕಂಡಿತು. ಹಾಲ್ ತುಂಬಬೇಕಿತ್ತಲ್ಲ.

ನಾನು ಟಿಕೆಟ್ ಪುಸ್ತಕ ತೆಗೆಯಲು ಚೀಲಕ್ಕೆ ಕೈ ಹಾಕಿದೆ. ಅಮ್ಮ ನನ್ನ ತೋಳು ಹಿಡಿದಳು. ಹೊರಗೆ ಬಂದ ಮೇಲೆ ಬೈದಳು.

"ಕುಂಕುಮ ಕೊಟ್ಟ ಕೈಯಲ್ಲೇ ವ್ಯಾಪಾರ ಮಾಡೂದಾ? ನಾಚ್ಕೆ ಇಲ್ವನೇ ನಿಂಗೆ?"

"ಟಿಕೆಟ್ ಮಾರಬೇಕಲ್ಲ ಅಮ್ಮ."

"ಬೇಕಾದ್ರೆ ಆ ದಿನ ಬಾಗ್ಲಲ್ಲಿ ಕೊಡಿ. ಈಗ ಮುಚ್ಚು ಚೀಲ."

ಅದೂ ಸರಿ ಎನಿಸಿತು. ಟಿಕೆಟ್ಟಿನ ಸಂಗತಿ ಕರಪತ್ರದಲ್ಲಿ ಅಚ್ಚಾಗಿದೆ, ಬಾಗಿಲಲ್ಲಿ ಮೇಜು ಇರುತ್ತದೆ. ಚೀಲ ಮುಚ್ಚಿದೆ. ಮುಂದೆ ಯಾವ ಮನೆಯಲ್ಲೂ ತೆರೆಯಲಿಲ್ಲ. ಎರಡು ಭಾನುವಾರಗಳಲ್ಲಿ ಕ್ರಮ ತಪ್ಪದೆ ಎಲ್ಲ ಮನೆ ಮುಗಿಸಿದೆವು. ಕಡಲ ಕೇರಿಯಲ್ಲಿ ಬುಟ್ಟಿ ಅಜ್ಜಿ ನಮ್ಮನ್ನು ಮನೆಮನೆಗೂ ಕರೆದುಕೊಂಡು ಹೋದಳು. "ಕಂಟ್ರೋಲರನ ಮನೆಯವ್ರು ಬಂದವ್ರೆ, ಹೇಳ್ಕೆಗೆ. ಅವನ ಹೆಂಡ್ತಿ ಒಳ್ಳೆಯವ್ಳು" ಎಂದು ಪರಿಚಯ ಹೇಳುತ್ತಿದ್ದಳು.

ಕಾಲೇಜಿನಲ್ಲೂ ಕ್ರಮ ತಪ್ಪಬಾರದೆಂದು ಒಂದು ಸಂಜೆ ಪ್ರಿನ್ಸಿಪಾಲರ ಮನೆಗೆ ನಾನೂ ಕುಮಟೆಯ ಹುಡುಗನೂ ಹೋಗಿ, ಅವರ ಹೆಂಡತಿಗೆ ಕುಂಕುಮ ಕೊಟ್ಟು, ಬೀಗ ಹಾಕಿ ಬರಬೇಕು ಎಂದು ಹೇಳಿಬಂದೆವು. ಆಕೆಗೆ ಬಹಳ ಸಂತೋಷವಾಯಿತು. ಕಾಲೇಜಿನಿಂದ ತನಗೆ ಯಾರೂ ಹೀಗೆ ಬಂದು ಹೇಳಿದ್ದಿಲ್ಲ ಎಂದರು.

ಆ ಭಾನುವಾರ ನಾವು ಬೆಳಿಗ್ಗೆಯೇ ಶಿರಾಲಿಯಲ್ಲಿದ್ದೆವು. ಕಿಟಕಿಗಳಿಗೆ ಗೋಣಿ ಹೊಡೆದು ಹಾಲ್ ಕತ್ತಲು ಮಾಡಿದೆವು. ಪ್ರಿನ್ಸಿಪಾಲರು ಹೊತ್ತಿಗೆ ಮೊದಲೇ ಬರುವ ಜಾತಿಯವರು. ಬಾಗಿಲಲ್ಲಿ ಮೇಜು ಇಡುವ ಮೊದಲೇ ಹೆಂಡತಿಯ ಜೊತೆ ಬಂದು ಎದುರು ಸಾಲಿನಲ್ಲಿ ಕೂತರು. ಹೆಂಡತಿಯ ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ತೆಂಗಿನಕಾಯಿ ಇತ್ತು. ಅದು ಯಾಕೆ ಎಂದು ನಾನು ಯೋಚಿಸಬಹುದಾಗಿತ್ತು. ಖುರ್ಚಿ ಸಾಲು ನೇರವಾಗಿದೆಯೇ ಎಂದು ನೋಡುತ್ತಿದ್ದೆ.

ಮೂರೂವರೆಯ ಹೊತ್ತಿಗೆ ಜನ ಬರತೊಡಗಿದರು. ಬಸ್ಸಿನಿಂದ ಇಳಿದರು, ಗದ್ದೆ ಬದುವಿನ ಮೇಲಿಂದ ಸಾಲಾಗಿ ಬಂದರು. ಬಂದವರೆಲ್ಲ ಮದುವೆಗೆ ಬಂದ ಹಾಗೆ ಬಂದಿದ್ದರು. ಹೆಂಗಸರ ತಲೆಯಲ್ಲಿ ಅಬ್ಬಲಿ ಹೂ, ಗಂಡಸರ ಮೈಮೇಲೆ ಇಸ್ತ್ರಿ ಮಾಡಿದ ಅಂಗಿ, ಮಕ್ಕಳ ಮುಖಕ್ಕೆ ಪೌಡರು. ಪ್ರತಿ ಮನೆಯವರ ಕೈಯಲ್ಲೂ ಏನಾದರೊಂದು ಇತ್ತು: ತೆಂಗಿನಕಾಯಿ, ಸಕ್ಕರೆ ಪೊಟ್ಟಣ, ಬಾಳೆಹಣ್ಣಿನ ಚಿಪ್ಪು. ಮುಂದೆ ಬುಟ್ಟಿ ಅಜ್ಜಿ, ಹಿಂದೆ ಇಡೀ ಕಡಲ ಕೇರಿ.

ಸರ್ ನನ್ನ ಪಕ್ಕ ಬಂದು ನಿಂತರು. "ಹಾಲ್ ಸಾಲುವುದಿಲ್ಲ" ಎಂದರು. ಖುಷಿಯಲ್ಲಿ ಬಾಗಿಲಿನ ಎರಡೂ ಕದಗಳನ್ನು ಪೂರ್ತಿ ತೆರೆದಿಟ್ಟರು.

ಅಜ್ಜಿ ಮೇಜಿನ ಮುಂದೆ ನಿಂತಳು. ಕುಮಟೆಯ ಹುಡುಗ ಟಿಕೆಟ್ ಪುಸ್ತಕ ತೆರೆದ.

"ಎಂತ ಇದು?"

"ಟಿಕೇಟ್, ಅಜ್ಜಿ. ಎಷ್ಟು ಜನ?"

"ಯಾರಿಗೆ ಟಿಕೇಟು?"

"ನಿಮ್ಗೇ."

"ನಮ್ಗೆ ಹೇಳ್ಕೆ ಬಂದದಲ, ಮಗಾ."

"ಹೇಳ್ಕೆ ಬಂದ್ರೂ ಟಿಕೇಟ್ ಬೇಕು ಅಜ್ಜಿ."

ಅಜ್ಜಿ ತಿರುಗಿ ನನ್ನ ಅಮ್ಮನನ್ನು ನೋಡಿದಳು. ಅಮ್ಮ ನನ್ನನ್ನು ನೋಡಿದಳು. ನಾನು ಸರ್ ಅವರನ್ನು ನೋಡಿದೆ. ಸರ್ ನೋಡಲು ಯಾರೂ ಉಳಿದಿರಲಿಲ್ಲ.

"ಕರ್ದು ಬಾಗ್ಲಲ್ಲಿ ದುಡ್ಡು ಕೇಳೂದು ಯಾವೂರ ಪದ್ಧತಿ?" ಎಂದಳು ಅಜ್ಜಿ. ದನಿ ಎತ್ತರಿಸಲಿಲ್ಲ. ಬಸ್ಸಿನ ಜಗಳದಲ್ಲಿ ಇರುತ್ತಿದ್ದ ನಗೆಯೂ ಇರಲಿಲ್ಲ. "ಕುಂಕುಮ ಕೊಟ್ಟು, ಬೀಗ ಹಾಕಿ ಬನ್ನಿ ಹೇಳಿ ಕರ್ದ್ರಿ. ಇವತ್ತು ದೋಣಿ ನೀರಿಗೆ ಇಳ್ಸದೇ ಬಂದವ್ರೆ ನಮ್ಮ ಗಂಡ್ಸ್ರು."

ಹಿಂದಿನವರಿಗೆ ಮಾತು ದಾಟಿತು. ಸಾಲು ಸ್ವಲ್ಪ ಹಿಂದೆ ಸರಿಯಿತು. ಒಬ್ಬ ಮುದುಕ ಮೊಮ್ಮಗುವನ್ನು ಹೆಗಲಿನಿಂದ ಇಳಿಸಿ, ಹೋಗುವ ಎಂಬಂತೆ ರಸ್ತೆಯ ಕಡೆ ನೋಡಿದ. ಒಬ್ಬರು ಹೋದರೆ ಎಲ್ಲರೂ ಹೋಗುತ್ತಾರೆ. ಹೋದವರು ಮುಂದೆ ನಮ್ಮ ಮನೆಯ ಹೊಸ್ತಿಲನ್ನೂ ತುಳಿಯುವುದಿಲ್ಲ.

ಸಂಗತಿ ಸರಳವಾಗಿತ್ತು. ಟಿಕೆಟ್ ಕೇಳಿದರೆ ಹಾಲ್ ಖಾಲಿ. ಹಾಗೇ ಬಿಟ್ಟರೆ ಹಾಲ್ ಭರ್ತಿ, ಟಿಕೆಟ್ ಸೊನ್ನೆ. ಎರಡರಲ್ಲೂ ಪ್ರಿನ್ಸಿಪಾಲರ ಷರತ್ತು ಮುರಿಯುತ್ತದೆ, ವಿಷಯ ಹೋಗುತ್ತದೆ, ಸರ್ ಹೋಗುತ್ತಾರೆ. ಇದನ್ನು ನಾನು ಸರ್ ಅವರಿಗೆ ಕಿವಿಯಲ್ಲಿ ಹೇಳಿದೆ. ಅವರು ಅಷ್ಟು ಹೊತ್ತಿಗೆ ತಾವೇ ಲೆಕ್ಕ ಹಾಕಿದ್ದರು.

"ಇವರನ್ನು ಕರೆದವರು ಯಾರು?" ಎಂದರು.

"ನಾವು, ಸರ್."

"ಹಾಗಾದರೆ ಒಳಗೆ ಕೂರಿಸಿ."

ಅವರೇ ಟಿಕೆಟ್ ಪುಸ್ತಕಗಳನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡರು. ನಾನೂ ಕುಮಟೆಯ ಹುಡುಗನೂ ಮೇಜನ್ನು ಗೋಡೆಯ ಬದಿಗೆ ಸರಿಸಿದೆವು. ಅಮ್ಮ ಬಾಗಿಲಿಗೆ ಬಂದು ನಿಂತು, ಏನೂ ಆಗಿಯೇ ಇಲ್ಲ ಎಂಬ ಹಾಗೆ, "ಬನ್ನಿ, ಬನ್ನಿ, ತಡ ಆತು ನಿಮ್ಗೆ" ಎಂದು ಒಬ್ಬೊಬ್ಬರನ್ನೂ ಕರೆದಳು. ಅಜ್ಜಿ ಒಂದು ಕ್ಷಣ ನಿಂತು, ಸೆರಗು ಸರಿಮಾಡಿಕೊಂಡು, ತಂದ ತೆಂಗಿನಕಾಯಿಯನ್ನು ಮೇಜಿನ ಮೇಲೆ ಇಟ್ಟು ಒಳಗೆ ಹೋದಳು. ಹಿಂದಿನವರೂ ಹಾಗೆಯೇ ಮಾಡಿದರು. ಟಿಕೆಟ್ ಮಾರಬೇಕಾಗಿದ್ದ ಮೇಜಿನ ಮೇಲೆ ತೆಂಗಿನಕಾಯಿಯ ಗುಡ್ಡೆ ಬಿತ್ತು.

ಖುರ್ಚಿ ಸಾಲದೆ ಜನ ನೆಲದ ಮೇಲೆ, ಕಿಟಕಿಯ ಕಟ್ಟೆಯ ಮೇಲೆ ಕೂತರು. ನಾಟಕ ಹೊತ್ತಿಗೆ ಸರಿಯಾಗಿ ಶುರುವಾಯಿತು. ಬಂದವರು ಅತಿಥಿಗಳಾದ್ದರಿಂದ ಬಾಯಿ ಮುಚ್ಚಿ ನೋಡಬೇಕೆಂಬ ಯೋಚನೆ ಅವರಿಗಿರಲಿಲ್ಲ. ಅಣ್ಣ ಬಾವಿಯ ನಡುವೆ ಗೋಡೆ ಕಟ್ಟಿಸುತ್ತೇನೆ ಎಂದಾಗ, "ಅಯ್ಯೋ, ಇವನ ಹೆಂಡ್ತಿ ಹೇಳ್ಕೊಟ್ಟದ್ದು" ಎಂದು ಒಬ್ಬಾಕೆ ಹೇಳಿದಳು. ಹೆಂಡತಿಯ ಪಾತ್ರ ನಾಟಕದಲ್ಲೇ ಇರಲಿಲ್ಲ. ತಮ್ಮ ಕೊಡಪಾನ ಹಿಡಿದು ಅಳುವಾಗ ಮುಂದೆ ಕೂತ ಮುದುಕ, "ಅಳ್ಬೇಡ ಮಾರಾಯ, ನಮ್ಮ ಬಾವಿಗೆ ಬಾ" ಎಂದ. ನಟ ತನ್ನ ಮಾತು ಮರೆತು "ಆತು" ಎಂದುಬಿಟ್ಟ.

ನಡುವೆ ವಿರಾಮ ಬಂತು. ವಿರಾಮದಲ್ಲಿ ಯಾರೂ ಏಳಲಿಲ್ಲ. ಎಲ್ಲರೂ ಕಾಲು ಮಡಿಚಿ, ಎದುರಿಗೆ ಎಲೆಯಷ್ಟು ಜಾಗ ಬಿಟ್ಟು, ಸುಮ್ಮನೆ ಕೂತರು. ಅಮ್ಮ ನನ್ನ ಬಳಿಗೆ ಓಡಿಬಂದಳು.

"ಕರ್ದ ಮೇಲೆ ಬಾಯಿಗೆ ಎಂತಾದ್ರೂ ಬೇಡ್ವಾ? ಎಂತ ಮಾಡಿಟ್ಟಿದ್ರಿ?"

ಪಠ್ಯದಲ್ಲಿ ವಿರಾಮ ಇತ್ತು, ಉಪಾಹಾರ ಇರಲಿಲ್ಲ. ಆಗ ಎದುರು ಸಾಲಿನಿಂದ ಪ್ರಿನ್ಸಿಪಾಲರ ಹೆಂಡತಿ ಎದ್ದು ಬಂದರು. ಯಾರನ್ನೂ ಏನೂ ಕೇಳಲಿಲ್ಲ. ಮೇಜಿನ ಮೇಲಿನ ತೆಂಗಿನಕಾಯಿ ನೋಡಿ, "ಇಷ್ಟು ಕಾಯಿ ಅದೆ. ಪಕ್ಕದ ಮನೆಯಿಂದ ಈಳಿಗೆ ತರ್ಸು, ಅಂಗಡಿಯಿಂದ ಅವಲಕ್ಕಿ, ಬೆಲ್ಲ ತರ್ಸು" ಎಂದರು. ಅಮ್ಮ ಕಾಯಿ ಒಡೆದಳು, ಆಕೆ ತುರಿದರು, ಕಡಲ ಕೇರಿಯ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಅವಲಕ್ಕಿ ಕಲಸಿದರು. ಅತಿಥಿಗಳು ತಂದ ಕಾಯಿಯನ್ನು ಅತಿಥಿಗಳೇ ಕಲಸಿ ಅತಿಥಿಗಳಿಗೆ ಬಡಿಸಿದರು. ಅಪ್ಪ ಡ್ಯೂಟಿ ಮುಗಿಸಿ ಅಷ್ಟರಲ್ಲಿ ಬಂದಿದ್ದರು. ಅವಲಕ್ಕಿ ತಿನ್ನುತ್ತಾ, ವಿರಾಮ ವೇಳೆಗಿಂತ ಉದ್ದವಾಯಿತು, ಕಡೇ ಬಸ್ಸು ಯಾರಿಗಾಗಿಯೂ ಕಾಯುವುದಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ನಾಟಕದವರು ಕೊನೆಯ ಅಂಕವನ್ನು ಸ್ವಲ್ಪ ಬೇಗ ಆಡಿ ಮುಗಿಸಿದರು. ಬಾವಿ ಪಾಲಾಗಲಿಲ್ಲ.

ಜನ ಹೋದ ಮೇಲೆ ಪ್ರಿನ್ಸಿಪಾಲರು ಸರ್ ಹತ್ತಿರ ಬಂದರು.

"ಎಷ್ಟು ಟಿಕೆಟ್ ಹೋದವು?"

"ಒಂದೂ ಇಲ್ಲ, ಸರ್."

"ಒಂದೂ?"

"ಒಂದೂ."

"ನಾವು ತಗಂಡಿದ್ರೆ ಒಂದೆರಡಾದ್ರೂ ಆಗ್ತಿತ್ತು" ಎಂದರು ಅವರ ಹೆಂಡತಿ, ಕೈಗೆ ಅಂಟಿದ ಬೆಲ್ಲ ಒರೆಸಿಕೊಳ್ಳುತ್ತಾ.

ಪ್ರಿನ್ಸಿಪಾಲರು ಹೆಂಡತಿಯನ್ನು ನೋಡಿದರು, ಖಾಲಿಯಾದ ಮೇಜನ್ನು ನೋಡಿದರು. "ನೋಡೋಣ" ಎಂದು ಹೊರಟರು.

ಆ "ನೋಡೋಣ" ಮೂರು ತಿಂಗಳು ನಡೆಯಿತು. ಷರತ್ತು ಮುರಿದದ್ದಂತೂ ಹೌದು. ಸ್ಟಾಫ್ ರೂಮಿನಲ್ಲಿ ಒಬ್ಬರು ಸರ್ ಅವರ ಕಪಾಟು ತಮಗೆ ಬೇಕೆಂದು ಮುಂಗಡವಾಗಿ ಹೇಳಿಟ್ಟರು. ಸರ್ ಪಾಠ ನಿಲ್ಲಿಸಲಿಲ್ಲ. ಮಾರಾಟವಾಗದ ಟಿಕೆಟ್ಟುಗಳ ಹಿಂಬದಿ ಖಾಲಿ ಇತ್ತು; ಅದನ್ನು ಹಾಳು ಮಾಡಬಾರದೆಂದು ಅವುಗಳ ಮೇಲೆ ತರಕಾರಿ, ತಾಯಿಯ ಔಷಧ, ಬೇಕಾದದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಒಂದು ದಿನ ಭಟ್ಕಳಕ್ಕೆ ಬಂದು ಅಪ್ಪನ ಹತ್ತಿರ ಮುಂಬಯಿ ಬಸ್ಸಿನ ವೇಳೆ ಕೇಳಿದರು. ಅದನ್ನೂ ಒಂದು ಟಿಕೆಟ್ಟಿನ ಹಿಂದೆ ಬರೆದುಕೊಂಡರು. ಅಪ್ಪ ಆ ರಾತ್ರಿ ಊಟಕ್ಕೆ ತಡವಾಗಿ ಬಂದರು. ಕಾರಣ ಯಾರೂ ಕೇಳಲಿಲ್ಲ.

ಪರೀಕ್ಷೆ ಮುಗಿದು ಫಲಿತಾಂಶಕ್ಕೆ ಕಾಯುತ್ತಿದ್ದಾಗ, ಮೇ ತಿಂಗಳಲ್ಲಿ, ಬುಟ್ಟಿ ಅಜ್ಜಿ ಮೊಮ್ಮಗಳ ಮದುವೆ ಹೇಳಿಕೆಗೆ ಬಂದಳು. ಮುಟ್ಟಳ್ಳಿಗೆ ಬಂದಳು, ಅದು ಸಹಜ. ಆಮೇಲೆ ಬಸ್ಸು ಹತ್ತಿ ಹೊನ್ನಾವರಕ್ಕೆ ಹೋಗಿ, ಕಾಲೇಜಿನ ಆಫೀಸಿನಲ್ಲಿ ಕೂತು ನೀರು ಕೇಳಿ ಕುಡಿದು, ಪ್ರಿನ್ಸಿಪಾಲರಿಗೂ ಸರ್ ಅವರಿಗೂ ಬೀಗ ಹಾಕಿ ಬರಬೇಕು ಎಂದು ಹೇಳಿದಳು. ಪ್ರಿನ್ಸಿಪಾಲರು ಕಾಲೇಜಿಗೆ ಬೀಗ ಹಾಕುವ ಅಧಿಕಾರ ತಮಗಿಲ್ಲ, ತಾವು ಬರುತ್ತೇವೆ ಎಂದರಂತೆ.

ಮದುವೆ ಕಡಲ ಕೇರಿಯಲ್ಲಿ. ದೋಣಿಗಳನ್ನು ಬದಿಗೆ ಎಳೆದು, ಮರಳಿನ ಮೇಲೆ ತೆಂಗಿನ ಮಡಲಿನ ಚಪ್ಪರ ಹಾಕಿದ್ದರು. ನಾವು ಏಳು ಮಂದಿ, ಅಪ್ಪ, ಅಮ್ಮ, ಸರ್, ಪ್ರಿನ್ಸಿಪಾಲರು, ಅವರ ಹೆಂಡತಿ, ಎಲ್ಲ ಒಟ್ಟಿಗೆ ಹೋದೆವು. ಚಪ್ಪರದ ಬಾಗಿಲಲ್ಲಿ ಅಜ್ಜಿ ಹೊಸ ಸೀರೆ ಉಟ್ಟು ನಿಂತಿದ್ದಳು. ನಮ್ಮನ್ನು ನೋಡಿ ಕೈ ಅಡ್ಡ ಹಿಡಿದಳು.

"ಟಿಕೇಟು?"

ಹಿಂದೆ ನಿಂತ ಕೇರಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

"ಹೇಳ್ಕೆ ಬಂದದಲ ಅಜ್ಜಿ" ಎಂದೆ ನಾನು.

"ಹೇಳ್ಕೆ ಬಂದ್ರೂ ಟಿಕೇಟ್ ಬೇಕು. ನಿಮ್ಮ ಕಾಲೇಜಲ್ಲೇ ಕಲ್ತದ್ದು ನಾನು. ಏ ಕಂಟ್ರೋಲರಾ, ನಿಂಗೂ ಬೇಕು. ಇಲ್ದಿದ್ರೆ ಮೇಲೆ ಹತ್ತಿ ಕೂತ್ಕ, ಬುಟ್ಟಿ ಹಂಗೆ."

ಅಪ್ಪ ನಕ್ಕರು. ಅವರು ನಗುವುದು ಅಪರೂಪ, ಅದಕ್ಕೂ ಹೊತ್ತು ಗೊತ್ತುಮಾಡಿತ್ತು. ಸರ್ ಮಾತ್ರ ನಗಲಿಲ್ಲ. ಅಂಗಿಯ ಜೇಬಿಗೆ ಕೈ ಹಾಕಿ, ನಮ್ಮ ನಾಟಕದ ಒಂದು ಟಿಕೆಟ್ ತೆಗೆದು, ಎರಡೂ ಕೈಯಲ್ಲಿ ಹಿಡಿದು ಅಜ್ಜಿಗೆ ಕೊಟ್ಟರು. ಅಜ್ಜಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಬಸ್ಸಿನ ಕಂಡಕ್ಟರನ ಹಾಗೆ ನಡುವೆ ಹರಿದು, ಒಂದು ತುಂಡು ಸೊಂಟಕ್ಕೆ ಸಿಕ್ಕಿಸಿ, ಇನ್ನೊಂದನ್ನು ವಾಪಸು ಕೊಟ್ಟಳು.

"ಇವ್ರದ್ದು ಆತು. ಇವ್ರದ್ದು ಎಲ್ಲಿ?" ಎಂದು ಪ್ರಿನ್ಸಿಪಾಲರನ್ನು ತೋರಿಸಿದಳು.

ಪ್ರಿನ್ಸಿಪಾಲರು ಜೇಬು ತಡವಿಕೊಂಡರು. ನಿಜವಾಗಿಯೂ ತಡವಿಕೊಂಡರು. "ನನ್ನ ಹತ್ತಿರ ಇಲ್ಲ ಅಜ್ಜಿ. ಆ ಸಲವೂ ಇರಲಿಲ್ಲ" ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು ಸೇರಿಸಿದರು: "ಮುಂದಿನ ವರ್ಷದ ನಾಟಕಕ್ಕೆ ತೆಗೆದುಕೊಂಡೇ ಬರುತ್ತೇನೆ. ನೀವೂ ತೆಗೆದುಕೊಳ್ಳಬೇಕು."

"ಹೇಳ್ಕೆ ಕೊಡ್ಬೇಡಿ, ತಗಂತೆ" ಎಂದಳು ಅಜ್ಜಿ. "ಬನ್ನಿ ಒಳಗೆ, ತಡ ಆತು ನಿಮ್ಗೆ."

ಪ್ರಿನ್ಸಿಪಾಲರು ತಲೆ ಬಗ್ಗಿಸಿ ಚಪ್ಪರದೊಳಗೆ ಹೋದರು. ಸರ್ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿದ್ದ ಅರ್ಧ ಟಿಕೆಟ್ಟನ್ನು ತಿರುಗಿಸಿ ನೋಡಿದರು. ನಾನು ಪಕ್ಕದಲ್ಲಿದ್ದೆ, ನನಗೂ ಕಂಡಿತು. ಬಸ್ಸಿನ ವೇಳೆ ಅದರಲ್ಲಿ ಉಳಿದಿತ್ತು. ಯಾವ ಊರಿನ ಬಸ್ಸು ಎಂಬುದು ಅಜ್ಜಿಯ ಸೊಂಟಕ್ಕೆ ಹೋಗಿತ್ತು.

ಅಪ್ಪ ಹಿಂದಿನಿಂದ, ಪಂಕ್ತಿ ಶುರುವಾಯಿತು, ಹೊತ್ತಿಗೆ ಸರಿಯಾಗಿ ಕೂರಬೇಕು ಎಂದರು. ನಾವು ಹೋಗಿ ಕೂತೆವು.